ಒಂದು ಚೀಟಿ, ಒಂದು ಎಲ್ಕ್

ಅಮೆರಿಕದ ರಾಕಿ ಪರ್ವತಗಳಲ್ಲಿ ಬೇಟೆಗೆ ಹೊರಡುವವರು ಕೋವಿಗಿಂತ ಮೊದಲು ಹುಡುಕುವುದು ಒಂದು ಕಾಗದದ ಚೀಟಿಯನ್ನು. ಆ ಚೀಟಿಗಾಗಿ ಇಪ್ಪತ್ತು ವರ್ಷ ಕಾಯುವವರೂ ಇದ್ದಾರೆ!

ಬೇಟೆಯ ಕಥೆ ಎಂದರೆ ಮಕ್ಕಳ ಕಿವಿ ನೆಟ್ಟಗಾಗುತ್ತದೆ. “ಎಷ್ಟು ದೊಡ್ಡ ಪ್ರಾಣಿ? ಎಷ್ಟು ಗುಂಡು ಹಾರಿಸಿದರು?” ಎಂದು ಪ್ರಶ್ನೆಯ ಮೇಲೆ ಪ್ರಶ್ನೆ. ಆದರೆ ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಬೇಸಿಗೆಯ ಹೊತ್ತಿಗೆ ಇಬ್ಬರು ಬೇಟೆಗಾರರು ಎದುರಾದರೆ ಮೊದಲು ಕೇಳಿಕೊಳ್ಳುವುದು ಬೇರೆಯೇ ಪ್ರಶ್ನೆ: “ಈ ವರ್ಷ ನಿನಗೆ ಟ್ಯಾಗ್ ಬಂತಾ?”

ಹಳಬರು ಹೊಸಬರಿಗೆ ಹೇಳಿಕೊಡುವ ಮಾತುಗಳೂ ಹೀಗೆಯೇ ಇರುತ್ತವೆ. ಯಾವ ಬೂಟು ಒಳ್ಳೆಯದು, ಮಳೆ ಬಂದರೆ ಏನು ಹೊದೆಯಬೇಕು, ದಾರಿ ತಪ್ಪಿದರೆ ಏನು ಮಾಡಬೇಕು, ಚೀಟಿಗೆ ಯಾವಾಗ ಅರ್ಜಿ ಹಾಕಬೇಕು, ಯಾವ ಪ್ರಾಣಿಯನ್ನು ಹೊಡೆಯಬಾರದು... ಗುಂಡು ಹಾರಿಸುವ ಮಾತು ಇವುಗಳ ನಡುವೆ ಎಲ್ಲೋ ಒಂದು ಮೂಲೆಯಲ್ಲಿ ಬರುತ್ತದೆ. ಏಕೆ ಹೀಗೆ? ಅದನ್ನು ತಿಳಿಯಲು ಮೊದಲು ಆ ಚೀಟಿಯ ಕಥೆ ಕೇಳಬೇಕು.

ಏನಿದು ಟ್ಯಾಗ್?

ಎಲ್ಕ್ ಎಂಬುದು ಜಿಂಕೆಯ ಜಾತಿಯ ಭಾರೀ ಪ್ರಾಣಿ. ನಮ್ಮ ಕಾಡಿನ ಕಡವೆಯನ್ನು ನೆನಪಿಸಿಕೊಳ್ಳಿ. ಬಲಿತ ಗಂಡು ಎಲ್ಕ್ ಸುಮಾರು 300 ಕಿಲೋ ತೂಗುತ್ತದೆ. ತಲೆಯ ಮೇಲೆ ಮರದ ಕೊಂಬೆಗಳಂತೆ ಕವಲೊಡೆದ ಕೊಂಬು. ಸೆಪ್ಟೆಂಬರ್ ತಿಂಗಳಲ್ಲಿ ಗಂಡುಗಳು ಹೆಣ್ಣುಗಳನ್ನು ಕರೆಯಲು ಕೂಗುತ್ತವೆ. ಅಷ್ಟು ದೊಡ್ಡ ದೇಹದಿಂದ ಹೊರಡುವ ದನಿ ಮಾತ್ರ ಕೊಳಲಿನಂತೆ, ಸೀಟಿಯಂತೆ ತೆಳ್ಳಗೆ! ಬೆಳಗಿನ ಮಂಜಿನಲ್ಲಿ ಆ ಕೂಗು ಕಣಿವೆಯ ಉದ್ದಕ್ಕೂ ಕೇಳುತ್ತದೆ.

ಈ ಎಲ್ಕ್ ಬೇಟೆಗೆ ಕೊಲೊರಾಡೊ ಸರ್ಕಾರ ಕೊಡುವ ಪರವಾನಗಿಯ ಜೊತೆಗೇ ಟ್ಯಾಗ್ ಇರುತ್ತದೆ. ಒಂದು ಟ್ಯಾಗ್ ಎಂದರೆ ಒಂದೇ ಒಂದು ಪ್ರಾಣಿ. ಯಾವ ಪ್ರಾಣಿ, ಗಂಡೋ ಹೆಣ್ಣೋ, ಯಾವ ಪ್ರದೇಶದಲ್ಲಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಬಿಲ್ಲು-ಬಾಣದಿಂದಲೋ ಕೋವಿಯಿಂದಲೋ ಎಂಬುದೆಲ್ಲ ಮೊದಲೇ ಗೊತ್ತಾಗಿರುತ್ತದೆ. ಪ್ರಾಣಿ ಬಿದ್ದ ಕೂಡಲೇ ಬೇಟೆಗಾರ ಆ ಚೀಟಿಯಲ್ಲಿ ತಾರೀಖು ಗುರುತಿಸಿ, ಸಹಿ ಹಾಕಿ, ಹರಿದು, ಸಾಗಿಸುವಾಗ ಪ್ರಾಣಿಯ ದೇಹಕ್ಕೆ ಕಟ್ಟಿರಬೇಕು. ಅಲ್ಲಿಗೆ ಆ ಚೀಟಿಯ ಲೆಕ್ಕ ಮುಗಿಯಿತು. ಮರುಕ್ಷಣವೇ ಇನ್ನೂ ದೊಡ್ಡ ಎಲ್ಕ್ ಎದುರಿಗೆ ಬಂದು ನಿಂತರೂ ಕೋವಿ ಎತ್ತುವಂತಿಲ್ಲ.

ಟ್ಯಾಗ್ ಇಲ್ಲದೆ ಹೊಡೆದರೆ ಅದು ಕಳ್ಳಬೇಟೆ. ದಂಡ ಬೀಳುತ್ತದೆ, ಪರವಾನಗಿ ರದ್ದಾಗುತ್ತದೆ. ಅಮೆರಿಕದ ರಾಜ್ಯಗಳು ಈ ವಿಷಯದಲ್ಲಿ ಪರಸ್ಪರ ಒಪ್ಪಂದ ಮಾಡಿಕೊಂಡಿವೆ. ಒಂದು ರಾಜ್ಯದಲ್ಲಿ ಪರವಾನಗಿ ಕಳೆದುಕೊಂಡವನು ಒಪ್ಪಂದದಲ್ಲಿರುವ ಪಕ್ಕದ ರಾಜ್ಯಕ್ಕೆ ಹೋಗಿ ಬೇಟೆಯಾಡುತ್ತೇನೆ ಎಂದರೆ ಅಲ್ಲಿಯೂ ಬಾಗಿಲು ಮುಚ್ಚಿರುತ್ತದೆ.

ಮೊದಲು ಎಣಿಕೆ, ಆಮೇಲೆ ಬೇಟೆ

ಎಷ್ಟು ಚೀಟಿ ಕೊಡಬೇಕು ಎಂದು ಯಾರು ನಿರ್ಧರಿಸುತ್ತಾರೆ? ಇದಕ್ಕೆ ಎಣಿಕೆಯೇ ಆಧಾರ. ಬೇಟೆಯ ಋತು ಮುಗಿದ ಮೇಲೆ, ಚಳಿಗಾಲದಲ್ಲಿ ಹಿಮ ಬಿದ್ದಾಗ ಜೀವಶಾಸ್ತ್ರಜ್ಞರು ಹೆಲಿಕಾಪ್ಟರಿನಲ್ಲಿ ಹಾರುತ್ತಾರೆ. ಬಿಳಿ ಹಿಮದ ಮೇಲೆ ಕಂದು ಬಣ್ಣದ ಪ್ರಾಣಿಗಳು ಎದ್ದು ಕಾಣುತ್ತವೆ. ನೂರು ಹೆಣ್ಣುಗಳಿಗೆ ಎಷ್ಟು ಗಂಡು, ಎಷ್ಟು ಮರಿ ಎಂದು ಲೆಕ್ಕ ಹಾಕುತ್ತಾರೆ. ಮರಿಗಳು ಕಡಿಮೆಯಾಗಿದ್ದರೆ ಮುಂದಿನ ವರ್ಷ ಆ ಪ್ರದೇಶದ ಚೀಟಿಗಳೂ ಕಡಿಮೆಯಾಗುತ್ತವೆ. ಹಿಂಡು ಹೆಚ್ಚಾಗಿ ರೈತರ ಹೊಲ-ಹುಲ್ಲುಗಾವಲಿಗೆ ನುಗ್ಗುತ್ತಿದ್ದರೆ ಹೆಣ್ಣು ಎಲ್ಕ್‌ಗಳ ಚೀಟಿ ಸ್ವಲ್ಪ ಹೆಚ್ಚಾಗುತ್ತದೆ. ಇದಕ್ಕಾಗಿ ಇಡೀ ರಾಜ್ಯದ ನಕ್ಷೆಯನ್ನು ನೂರಕ್ಕೂ ಹೆಚ್ಚು ತುಂಡುಗಳಾಗಿ ಹಂಚಿ, ಒಂದೊಂದಕ್ಕೂ ಒಂದು ಸಂಖ್ಯೆ ಕೊಟ್ಟಿದ್ದಾರೆ.

ಕೆಲವು ಟ್ಯಾಗುಗಳು ಅಂಗಡಿಯಲ್ಲೇ ಸಿಗುತ್ತವೆ. ಆದರೆ ಒಳ್ಳೆಯ ಪ್ರದೇಶಗಳ ಚೀಟಿಗೆ ಕೇಳುವವರು ಹೆಚ್ಚು, ಇರುವುದು ಕಡಿಮೆ. ಹಾಗಾಗಿ ಏಪ್ರಿಲ್ ಮೊದಲ ವಾರದೊಳಗೆ ಅರ್ಜಿ ಹಾಕಬೇಕು. ಸಿಗದಿದ್ದವರಿಗೆ ಒಂದು ಅಂಕ ಸಿಗುತ್ತದೆ. ಮರುವರ್ಷವೂ ಸಿಗದಿದ್ದರೆ ಎರಡು ಅಂಕ. ಹೆಚ್ಚು ಅಂಕ ಕೂಡಿಟ್ಟವರಿಗೆ ಮೊದಲ ಆದ್ಯತೆ. ಪಡಿತರ ಅಂಗಡಿಯ ಸಾಲಿನಲ್ಲಿ ನಿಂತ ಅಜ್ಜಂದಿರಿಗೆ ಈ ಲೆಕ್ಕ ಬೇಗ ಅರ್ಥವಾದೀತು! ಕೊಲೊರಾಡೊದ ಕೆಲವು ಹೆಸರಾಂತ ಪ್ರದೇಶಗಳಲ್ಲಿ ಗಂಡು ಎಲ್ಕ್‌ನ ಟ್ಯಾಗ್ ಸಿಗಲು ಇಪ್ಪತ್ತಕ್ಕೂ ಹೆಚ್ಚು ಅಂಕ ಬೇಕು. ಅಂದರೆ ಇಪ್ಪತ್ತು ವರ್ಷಕ್ಕೂ ಮೀರಿದ ಕಾಯುವಿಕೆ. ಯೂಟಾ ರಾಜ್ಯದಲ್ಲಿ ಕಾಡುಕೋಣದಂಥ ಬೈಸನ್ ಮತ್ತು ಬೆಟ್ಟದ ಕಾಡುಕುರಿಯ ಟ್ಯಾಗ್ ಜೀವಮಾನದಲ್ಲಿ ಒಂದೇ ಸಲ.

ಆದ್ದರಿಂದಲೇ ಹಳೆಯ ಬೇಟೆಗಾರರು ಹೊಸಬರಿಗೆ ಹೇಳುವ ಮೊದಲ ಬುದ್ಧಿಮಾತು: ದೊಡ್ಡ ಕೊಂಬಿನ ಆಸೆಗೆ ಬೀಳಬೇಡ. ಸುಲಭವಾಗಿ ಸಿಗುವ ಹೆಣ್ಣು ಎಲ್ಕ್‌ನ ಚೀಟಿಗೆ ಅರ್ಜಿ ಹಾಕು. ಕಾಡು ನೋಡು, ನಡೆಯುವುದನ್ನು ಕಲಿ.

ಚೀಟಿ ಸಿಕ್ಕ ಮೇಲೂ ಎಣಿಕೆ ತಪ್ಪುವುದಿಲ್ಲ. ಕೊಲೊರಾಡೊದ ಬಹಳಷ್ಟು ಪ್ರದೇಶಗಳಲ್ಲಿ ಗಂಡು ಎಲ್ಕ್‌ನ ಒಂದು ಕೊಂಬಿನಲ್ಲಾದರೂ ಕನಿಷ್ಠ ನಾಲ್ಕು ಕವಲು ಇರಬೇಕು, ಇಲ್ಲವೇ ಹಣೆಯ ಬಳಿಯ ಕವಲು ಕನಿಷ್ಠ ಐದು ಅಂಗುಲ ಉದ್ದವಿರಬೇಕು. ಎಳೆಯ ಗಂಡುಗಳು ಬದುಕಿ ಬಲಿಯಲಿ ಎಂಬುದು ನಿಯಮದ ಉದ್ದೇಶ. ದುರ್ಬೀನು ಹಿಡಿದು ಕವಲುಗಳನ್ನು ಎಣಿಸುತ್ತಿರುವಾಗಲೇ ಎಲ್ಕ್ ಮರಗಳ ನಡುವೆ ಮರೆಯಾಗಬಹುದು. ಆಗಲಿ, ಅನುಮಾನವಿದ್ದರೆ ಹೊಡೆಯಬೇಡ ಎನ್ನುತ್ತಾರೆ ಅನುಭವಿಗಳು.

ಬರಿದಾಗಿದ್ದ ಕಾಡು

ಈ ಕಟ್ಟುಪಾಡು ಮೊದಲಿನಿಂದ ಇರಲಿಲ್ಲ. ಅಮೆರಿಕದಲ್ಲಿ ಒಂದು ಕಾಲಕ್ಕೆ ಯಾರು ಬೇಕಾದರೂ ಎಷ್ಟು ಬೇಕಾದರೂ ಹೊಡೆಯಬಹುದಿತ್ತು. ಮಾಂಸ, ಚರ್ಮ, ಟೋಪಿಗೆ ಸಿಕ್ಕಿಸುವ ಗರಿ ಎಲ್ಲವೂ ಮಾರುಕಟ್ಟೆಗೆ ಹೋಗುತ್ತಿದ್ದವು. ರೈಲು ಬಂದ ಮೇಲಂತೂ ಕಾಡಿನ ಮಾಂಸ ದೂರದ ನಗರಗಳಿಗೆ ಗಾಡಿಗಟ್ಟಲೆ ಸಾಗಿತು.

ಪರಿಣಾಮ ಕೇಳಿದರೆ ನಂಬಲಾಗದು. ಬಯಲಿನಲ್ಲಿ ಕೋಟಿಗಳ ಲೆಕ್ಕದಲ್ಲಿದ್ದ ಬೈಸನ್‌ಗಳು 1880ರ ದಶಕದ ಕೊನೆಗೆ ಒಂದು ಸಾವಿರವೂ ಉಳಿಯಲಿಲ್ಲ. ಆಕಾಶವನ್ನೇ ಮುಚ್ಚುವಂತೆ ಹಾರುತ್ತಿದ್ದ ಪ್ಯಾಸೆಂಜರ್ ಪಾರಿವಾಳಗಳ ಕೊನೆಯ ಹಕ್ಕಿ ‘ಮಾರ್ಥಾ’ 1914ರ ಸೆಪ್ಟೆಂಬರ್ 1ರಂದು ಸಿನ್‌ಸಿನಾಟಿ ನಗರದ ಮೃಗಾಲಯದಲ್ಲಿ ಸತ್ತಿತು. ಅಲ್ಲಿಗೆ ಆ ಜಾತಿಯೇ ಭೂಮಿಯಿಂದ ಅಳಿಯಿತು. ಬಿಳಿಬಾಲದ ಜಿಂಕೆಗಳು 1900ರ ಹೊತ್ತಿಗೆ ಇಡೀ ದೇಶದಲ್ಲಿ ಸುಮಾರು ಐದು ಲಕ್ಷಕ್ಕೆ ಇಳಿದಿದ್ದವು. ಕೊಲೊರಾಡೊದಲ್ಲಿ ಎಲ್ಕ್‌ಗಳನ್ನು ಹುಡುಕಿದರೂ ಸಿಗದಂತಾಗಿ, 1913-14ರಲ್ಲಿ ಎಸ್ಟೆಸ್ ಪಾರ್ಕ್ ಎಂಬ ಕಣಿವೆಗೆ ಯೆಲ್ಲೊಸ್ಟೋನ್ ಸೀಮೆಯಿಂದ ಎಲ್ಕ್‌ಗಳನ್ನು ಹಿಡಿದು ತಂದು ಬಿಡಬೇಕಾಯಿತು.

ಕಣ್ಣು ತೆರೆದಾಗ ಕಾನೂನುಗಳು ಒಂದೊಂದಾಗಿ ಬಂದವು. 1900ರ ಲೇಸಿ ಕಾಯ್ದೆ, ಕಾನೂನು ಮೀರಿ ಹೊಡೆದ ಪ್ರಾಣಿ-ಪಕ್ಷಿಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸಿ ಮಾರುವುದನ್ನು ಅಪರಾಧವೆಂದಿತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಬಂದೂಕು ಮತ್ತು ಗುಂಡುಗಳ ಮೇಲಿನ ತೆರಿಗೆಯ ಹಣ ನೇರವಾಗಿ ವನ್ಯಜೀವಿಗಳ ರಕ್ಷಣೆಗೆ ಹೋಗುತ್ತದೆ. ಉದ್ದ ನಳಿಗೆಯ ಕೋವಿಗೆ ಈ ತೆರಿಗೆ ನೂರಕ್ಕೆ 11. ಅಂಗಡಿಯಲ್ಲಿ ಒಂದು ಪೆಟ್ಟಿಗೆ ಗುಂಡು ಕೊಂಡವನೂ ಗೊತ್ತಿದ್ದೋ ಗೊತ್ತಿಲ್ಲದೆಯೋ ಕಾಡಿಗೆ ಕಾಣಿಕೆ ಕೊಟ್ಟಂತೆ. ಪರವಾನಗಿ ಶುಲ್ಕವೂ ಇದಕ್ಕೆ ಸೇರುತ್ತದೆ. ಬೇರೆ ರಾಜ್ಯದಿಂದ ಬರುವವರು ಸ್ಥಳೀಯರಿಗಿಂತ ಹಲವು ಪಟ್ಟು ಹೆಚ್ಚು ಹಣ ಕಟ್ಟಬೇಕು.

ಫಲ? ಬಿಳಿಬಾಲದ ಜಿಂಕೆಗಳು ಈಗ ಸುಮಾರು ಮೂರು ಕೋಟಿ. ಕೊಲೊರಾಡೊದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಎಲ್ಕ್‌ಗಳಿವೆ; ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಎಸ್ಟೆಸ್ ಪಾರ್ಕ್ ಊರಿನ ಬೀದಿಗಳಲ್ಲೇ ಅವು ದನಗಳಂತೆ ಓಡಾಡುತ್ತವೆ.

ಬಾತುಕೋಳಿಯ ಚೀಟಿ

ಚೀಟಿಗಳ ಕಥೆಯಲ್ಲಿ ಮಕ್ಕಳಿಗೆ ಇಷ್ಟವಾಗುವುದು ಬಾತುಕೋಳಿಯ ಚೀಟಿ. 1934ರಲ್ಲಿ ಇದು ಹುಟ್ಟಿದ್ದು. ಆಗ ಭಾರೀ ಬರ ಬಂದು ಕೆರೆ-ಜೌಗುಗಳು ಒಣಗಿದ್ದವು, ಬಾತುಕೋಳಿಗಳು ಕಡಿಮೆಯಾಗಿದ್ದವು. ಬಾತುಕೋಳಿ ಬೇಟೆಗೆ ಹೋಗುವ ಪ್ರತಿಯೊಬ್ಬ ದೊಡ್ಡವನೂ ಒಂದು ಡಾಲರಿನ ಚೀಟಿ ಕೊಳ್ಳಬೇಕೆಂದು ಸರ್ಕಾರ ನಿಯಮ ಮಾಡಿತು. ನೋಡಲು ಅಂಚೆಚೀಟಿಯಂತೆಯೇ ಇದ್ದರೂ ಇದನ್ನು ಕಾಗದಕ್ಕೆ ಅಂಟಿಸಿ ಕಳಿಸುವಂತಿಲ್ಲ. ಮೊದಲ ಚೀಟಿಯ ಚಿತ್ರ ಬರೆದವರು ಜೆ. ಎನ್. ‘ಡಿಂಗ್’ ಡಾರ್ಲಿಂಗ್. ಅವರು ಹೆಸರಾಂತ ವ್ಯಂಗ್ಯಚಿತ್ರಕಾರರು, ಬೇಟೆಗಾರರು, ವನ್ಯಜೀವಿಗಳ ಪರ ಹೋರಾಡಿದವರು ಕೂಡ.

ಚೀಟಿಯಿಂದ ಬಂದ ಪ್ರತಿ ಡಾಲರಿನಲ್ಲಿ 98 ಸೆಂಟ್ ಹಕ್ಕಿಗಳಿಗೆ ಬೇಕಾದ ಜೌಗುನೆಲವನ್ನು ಉಳಿಸಲು ಹೋಗುತ್ತದೆ. ಹೀಗೆ ಉಳಿದ ನೆಲ ಸುಮಾರು 60 ಲಕ್ಷ ಎಕರೆ. 2015ರಲ್ಲಿ ಚೀಟಿಯ ಬೆಲೆ 25 ಡಾಲರಿಗೆ ಏರಿತು. ಬೇಟೆಯಾಡದವರೂ, ಹಕ್ಕಿ ನೋಡುವ ಹವ್ಯಾಸದವರೂ, ಚೀಟಿ ಸಂಗ್ರಹಿಸುವವರೂ ಇದನ್ನು ಕೊಳ್ಳುತ್ತಾರೆ. ಪ್ರತಿವರ್ಷ ಯಾವ ಚಿತ್ರ ಹಾಕಬೇಕೆಂದು ಕಲಾವಿದರ ಸ್ಪರ್ಧೆ ನಡೆಯುತ್ತದೆ. ಶಾಲಾಮಕ್ಕಳಿಗೂ ಬೇರೆಯೇ ಸ್ಪರ್ಧೆಯಿದೆ. ಗೆದ್ದ ಮಗು ಬರೆದ ಚಿತ್ರ ಐದು ಡಾಲರಿನ ಮಕ್ಕಳ ಚೀಟಿಯಾಗಿ ಅಚ್ಚಾಗುತ್ತದೆ!

ಕಿತ್ತಳೆ ಬಣ್ಣದ ಗುಟ್ಟು

ಈಗ ಬೇಟೆಗಾರರ ಬಟ್ಟೆಬರೆಯ ವಿಷಯಕ್ಕೆ ಬರೋಣ. ಕಾಡಿನಲ್ಲಿ ಅಡಗಬೇಕಾದವನು ಹಸಿರು ಬಟ್ಟೆ ಹಾಕಬೇಕಲ್ಲವೇ? ಆದರೆ ಕೊಲೊರಾಡೊದಲ್ಲಿ ರೈಫಲ್ ಹಿಡಿದು ಎಲ್ಕ್ ಬೇಟೆಗೆ ಹೋಗುವವನು ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಬಟ್ಟೆ ತೊಡಲೇಬೇಕು. ಸೊಂಟದ ಮೇಲೆ ಕನಿಷ್ಠ 500 ಚದರ ಅಂಗುಲ, ಜೊತೆಗೆ ಅದೇ ಬಣ್ಣದ ಟೋಪಿ. 2016ರಿಂದ ಢಾಳಾದ ಗುಲಾಬಿಯೂ ನಡೆಯುತ್ತದೆ.

ಅಷ್ಟು ಹೊಳೆಯುವ ಬಟ್ಟೆ ಕಂಡರೆ ಪ್ರಾಣಿ ಓಡಿಹೋಗದೇ? ಇಲ್ಲ. ಬಣ್ಣ ಗುರುತಿಸಲು ನಮ್ಮ ಕಣ್ಣಿನಲ್ಲಿ ಮೂರು ಬಗೆಯ ಕೋಶಗಳಿವೆ. ಜಿಂಕೆಯ ಕಣ್ಣಿನಲ್ಲಿ ಎರಡೇ ಬಗೆ. ಕೆಂಪು-ಕಿತ್ತಳೆ ಬಣ್ಣಗಳನ್ನು ಅದು ಎಲೆಯ ಬಣ್ಣದಿಂದ ಸರಿಯಾಗಿ ಬೇರ್ಪಡಿಸಲಾರದು. ಆದರೆ ನೀಲಿ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಆದ್ದರಿಂದಲೇ “ನೀಲಿ ಜೀನ್ಸ್ ಹಾಕಿಕೊಂಡು ಬರಬೇಡ” ಎನ್ನುತ್ತಾರೆ ಹಳಬರು. ಕಿತ್ತಳೆ ಬಣ್ಣ ಇನ್ನೊಬ್ಬ ಬೇಟೆಗಾರನ ಕಣ್ಣಿಗಾಗಿ. ಪೊದೆಯ ಹಿಂದಿರುವುದು ಮನುಷ್ಯ ಎಂದು ದೂರದಿಂದಲೇ ಅವನಿಗೆ ತಿಳಿಯಲೆಂದು.

ಅಮೆರಿಕದಲ್ಲಿರುವ ಮಕ್ಕಳು-ಮೊಮ್ಮಕ್ಕಳನ್ನು ನೋಡಲು ಹೋಗುವ ನಮ್ಮ ಅಜ್ಜ-ಅಜ್ಜಿಯರಿಗೂ ಇದು ಉಪಯೋಗದ ಮಾತು. ಅಕ್ಟೋಬರ್-ನವೆಂಬರ್ ತಿಂಗಳಲ್ಲಿ ಅಲ್ಲಿನ ಕಾಡಿನ ದಾರಿಯಲ್ಲಿ ಬೆಳಗಿನ ನಡಿಗೆಗೆ ಹೊರಟರೆ ಒಂದು ಕಿತ್ತಳೆ ಬಣ್ಣದ ಅಂಗಿಯೋ ಟೋಪಿಯೋ ಇರಲಿ. ಅಲ್ಲಿನವರು ತಮ್ಮ ನಾಯಿಗಳಿಗೂ ಕಿತ್ತಳೆ ಬಣ್ಣದ ಪಟ್ಟಿ ಕಟ್ಟುತ್ತಾರೆ.

ಗಾಳಿಯನ್ನು ಓದುವುದು

ಎಲ್ಕ್‌ನ ಕಣ್ಣು ತಪ್ಪಿಸಬಹುದು, ಮೂಗನ್ನು ತಪ್ಪಿಸುವುದು ಕಷ್ಟ. ಗಾಳಿ ನಮ್ಮ ಬೆನ್ನಿನಿಂದ ಪ್ರಾಣಿಯ ಕಡೆಗೆ ಬೀಸುತ್ತಿದ್ದರೆ ಮುಗಿಯಿತು, ಅದು ನಮ್ಮನ್ನು ನೋಡುವ ಮೊದಲೇ ಓಡಿರುತ್ತದೆ. ಹಾಗಾಗಿ ಬೇಟೆಗಾರರ ಜೇಬಿನಲ್ಲಿ ವಾಸನೆಯಿಲ್ಲದ ಪುಡಿಯ ಚಿಕ್ಕ ಡಬ್ಬಿಯೊಂದು ಇರುತ್ತದೆ. ಅದನ್ನು ಒತ್ತಿದರೆ ಚಿಟಿಕೆ ಪುಡಿ ಹಾರಿ, ಗಾಳಿ ಯಾವ ಕಡೆಗೆ ಹೋಗುತ್ತಿದೆ ಎಂದು ತೋರಿಸುತ್ತದೆ.

ಬೆಟ್ಟದ ಗಾಳಿಗೆ ದಿನಚರಿಯಿದೆ. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ, ಬೆಳಗಿನ ಜಾವ ನೀರಿನಂತೆ ಕಣಿವೆಯ ಕಡೆಗೆ ಇಳಿಯುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ಹಗುರಾಗಿ ಮೇಲಕ್ಕೆ ಏರುತ್ತದೆ. ಸಂಜೆ ಮತ್ತೆ ಇಳಿಯುತ್ತದೆ. ಆದ್ದರಿಂದ ಬೆಳಗಿನ ಜಾವ ಪ್ರಾಣಿಗಿಂತ ಕೆಳಗಿರಬೇಕು, ಬಿಸಿಲೇರಿದ ಮೇಲೆ ಪ್ರಾಣಿಗಿಂತ ಮೇಲಿರಬೇಕು. ಇಷ್ಟು ತಿಳಿಯದವನ ಬಳಿ ಎಂಥ ಬೆಲೆಬಾಳುವ ಕೋವಿಯಿದ್ದರೂ ಪ್ರಯೋಜನವಿಲ್ಲ.

ಹೊತ್ತಿನ ಮಿತಿಯೂ ಇದೆ. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತವಾಗಿ ಅರ್ಧ ಗಂಟೆಯವರೆಗೆ ಮಾತ್ರ ಬೇಟೆ. ಕತ್ತಲಲ್ಲಿ ದೀಪ ಬಿಟ್ಟು ಹೊಡೆಯುವಂತಿಲ್ಲ.

ಬೆನ್ನಚೀಲದಲ್ಲಿ ಏನಿರಬೇಕು?

ಬೇಟೆಗಾರರು ಕುಳಿತು ಗಂಟೆಗಟ್ಟಲೆ ಚರ್ಚಿಸುವ ವಿಷಯ ಇದು. ಕೊಲೊರಾಡೊದ ಎಲ್ಕ್‌ಗಳು ಶರತ್ಕಾಲದಲ್ಲಿ ಹೆಚ್ಚಾಗಿ ಇರುವುದು 8,000ದಿಂದ 11,000 ಅಡಿ ಎತ್ತರದಲ್ಲಿ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 6,300 ಅಡಿ ಎಂದರೆ ಅಲ್ಲಿನ ಏರು ಎಷ್ಟೆಂದು ಊಹಿಸಿಕೊಳ್ಳಿ. ಬೆಳಗ್ಗೆ ಬಿಸಿಲು, ಮಧ್ಯಾಹ್ನ ಆಲಿಕಲ್ಲು, ರಾತ್ರಿ ಹಿಮ; ಒಂದೇ ದಿನದಲ್ಲಿ ಮೂರೂ ಆಗಬಹುದು.

ಮೊದಲನೆಯದು ಬೂಟು. ಹೊಸ ಬೂಟು ಹಾಕಿಕೊಂಡು ಬೆಟ್ಟ ಹತ್ತಬೇಡಿ, ಎರಡು ತಿಂಗಳು ಮೊದಲೇ ಊರಲ್ಲಿ ನಡೆದು ಕಾಲಿಗೆ ಒಗ್ಗಿಸಿಕೊಳ್ಳಿ ಎನ್ನುತ್ತಾರೆ. ಅಂಗಾಲಿನಲ್ಲಿ ಗುಳ್ಳೆ ಎದ್ದರೆ ಎಲ್ಲ ಸಿದ್ಧತೆಯೂ ವ್ಯರ್ಥ.

ಎರಡನೆಯದು ಬಟ್ಟೆ. ಹತ್ತಿ ಬಟ್ಟೆ ನಮ್ಮ ಸೆಕೆಗೆ ಹಿತ. ಆದರೆ ಚಳಿಯ ಬೆಟ್ಟದಲ್ಲಿ ಅದೇ ಶತ್ರು. ಬೆವರನ್ನೋ ಮಳೆಯನ್ನೋ ಹೀರಿಕೊಂಡು ಒದ್ದೆಯಾಗಿ ಮೈಗೆ ಅಂಟಿಕೊಂಡು, ಮೈಯ ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಮೈ ತೀರಾ ತಣ್ಣಗಾದರೆ ಮೊದಲು ನಡುಕ, ಆಮೇಲೆ ಮಂಕು, ಕೊನೆಗೆ ಪ್ರಾಣಕ್ಕೇ ಅಪಾಯ. ಉಣ್ಣೆ ಹಾಗಲ್ಲ, ಒದ್ದೆಯಾದರೂ ಅದರ ನಾರುಗಳ ನಡುವೆ ಗಾಳಿ ಉಳಿದು ಬೆಚ್ಚಗಿಡುತ್ತದೆ. ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ದನ-ಕುರಿ ಕಾಯುತ್ತಿದ್ದ ನಮ್ಮ ಹಿರಿಯರಿಗೆ ಇದು ಹೊಸ ಪಾಠವೇನಲ್ಲ! ಒಂದೇ ದಪ್ಪ ಕೋಟಿಗಿಂತ ಎರಡು-ಮೂರು ತೆಳು ಪದರ ಒಳ್ಳೆಯದು. ಹತ್ತುವಾಗ ಬಿಚ್ಚಿ, ಕುಳಿತಾಗ ಹಾಕಿಕೊಳ್ಳಬಹುದು.

ಇನ್ನುಳಿದವು ಚಿಕ್ಕಪುಟ್ಟ ಸಾಮಾನು: ನಕ್ಷೆ, ದಿಕ್ಸೂಚಿ, ತಲೆಗೆ ಕಟ್ಟುವ ಟಾರ್ಚು ಮತ್ತು ಬದಲಿ ಬ್ಯಾಟರಿ, ನೀರು, ಒಣ ತಿಂಡಿ, ಚಾಕು, ನೀರು ತಾಗದಂತೆ ಕಟ್ಟಿಟ್ಟ ಬೆಂಕಿಪೊಟ್ಟಣ, ಗಾಯಕ್ಕೆ ಕಟ್ಟುವ ಪಟ್ಟಿ, ಸೀಟಿ. ಮೊಬೈಲಿನಲ್ಲಿ ನಕ್ಷೆ ಇದೆಯಲ್ಲ ಎಂದು ಕಾಗದದ ನಕ್ಷೆ ಬಿಟ್ಟು ಬರುವವರಿಗೆ ಹಳಬರು ಗದರುತ್ತಾರೆ. ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ, ಕಣಿವೆಯಲ್ಲಿ ಸಿಗ್ನಲ್ ಇರುವುದಿಲ್ಲ. ಸೀಟಿಗೆ ಬ್ಯಾಟರಿ ಬೇಡ. ಮೂರು ಸಲ ಊದಿದರೆ “ಸಹಾಯ ಬೇಕು” ಎಂದು ಅರ್ಥ.

ಎಲ್ಲಕ್ಕಿಂತ ಮುಖ್ಯವಾದದ್ದಕ್ಕೆ ಕಾಸೂ ಬೇಡ, ತೂಕವೂ ಇಲ್ಲ. ಎಲ್ಲಿಗೆ ಹೋಗುತ್ತಿದ್ದೇನೆ, ಯಾವಾಗ ಬರುತ್ತೇನೆ ಎಂದು ಮನೆಯಲ್ಲಿ ಬರೆದಿಟ್ಟು ಹೋಗುವುದು. ಹೇಳಿದ ಹೊತ್ತಿಗೆ ಬಾರದಿದ್ದರೆ ಎಲ್ಲಿ ಹುಡುಕಬೇಕೆಂದು ಮನೆಯವರಿಗೆ ಗೊತ್ತಿರುತ್ತದೆ. ದಾರಿ ತಪ್ಪಿತೆಂದು ಅನ್ನಿಸಿದರೆ ಗಾಬರಿಯಿಂದ ಓಡದೆ, ನಿಂತು, ಕುಳಿತು, ನೀರು ಕುಡಿದು, ಯೋಚಿಸಬೇಕು. ಹುಡುಕುವವರಿಗೆ ಒಂದೇ ಕಡೆ ಇರುವವನು ಬೇಗ ಸಿಗುತ್ತಾನೆ.

ಹನ್ನೆರಡರ ಹುಡುಗಿ ಮತ್ತು ನಾಲ್ಕು ನಿಯಮ

ಕೊಲೊರಾಡೊದಲ್ಲಿ ಎಲ್ಕ್‌ನಂಥ ದೊಡ್ಡ ಪ್ರಾಣಿಗಳ ಬೇಟೆಗೆ ಕನಿಷ್ಠ 12 ವರ್ಷ ತುಂಬಿರಬೇಕು. 16 ತುಂಬುವವರೆಗೆ ಹಿರಿಯರು ಜೊತೆಗಿರಬೇಕು. ಹುಡುಗನಾಗಲಿ ಹುಡುಗಿಯಾಗಲಿ, ಮೊದಲು ತರಗತಿಗೆ ಹೋಗಿ ಪರೀಕ್ಷೆ ಪಾಸು ಮಾಡಬೇಕು. 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದ ಯಾರಿಗೇ ಆಗಲಿ ಈ ಪರೀಕ್ಷೆ ಕಡ್ಡಾಯ. ಅಂದರೆ ಎಪ್ಪತ್ತು ದಾಟಿದ ಅಜ್ಜನಿಗೂ ವಿನಾಯಿತಿಯಿಲ್ಲ! ಅಲ್ಲಿ ಎಲ್ಲರೂ ಬಾಯಿಪಾಠ ಮಾಡುವ ನಾಲ್ಕು ನಿಯಮಗಳಿವು:

1. ಯಾವ ಕೋವಿಯನ್ನೇ ಮುಟ್ಟಲಿ, ಅದರಲ್ಲಿ ಗುಂಡಿದೆ ಎಂದೇ ತಿಳಿಯಬೇಕು.
2. ನಳಿಗೆಯ ಬಾಯಿ ಯಾವಾಗಲೂ ಅಪಾಯವಿಲ್ಲದ ದಿಕ್ಕಿಗೇ ಇರಬೇಕು.
3. ಹಾರಿಸುವ ಕ್ಷಣದವರೆಗೆ ಬೆರಳು ಟ್ರಿಗರಿನ ಹೊರಗೇ ಇರಬೇಕು.
4. ಗುರಿ ಏನು, ಗುರಿಯ ಹಿಂದೆ ಏನಿದೆ ಎಂದು ಖಚಿತವಾಗುವವರೆಗೆ ಹಾರಿಸಬಾರದು.

ಅಮೆರಿಕದ ಪೂರ್ವದ ಕಾಡುಗಳಲ್ಲಿ ಮರಕ್ಕೆ ಅಟ್ಟಣೆ ಕಟ್ಟಿ ಜಿಂಕೆಗೆ ಕಾಯುವುದು ರೂಢಿ. ಅಲ್ಲಿ ಗುಂಡಿನಷ್ಟೇ ಭಯ ಅಟ್ಟಣೆಯಿಂದ ಬೀಳುವುದರದ್ದು. ನೆಲ ಬಿಟ್ಟಾಗಿನಿಂದ ನೆಲ ಮುಟ್ಟುವವರೆಗೆ ಸೊಂಟ-ಭುಜಕ್ಕೆ ಪಟ್ಟಿ ಬಿಗಿದು ಮರಕ್ಕೆ ಕಟ್ಟಿಕೊಂಡಿರಬೇಕು ಎಂಬುದು ಅಲ್ಲಿನವರ ಮೊದಲ ಪಾಠ.

ಹೊತ್ತು ತರಲಾಗದ್ದನ್ನು ಹೊಡೆಯಬೇಡ

ಗುಂಡು ಹಾರಿಸುವ ಮೊದಲು ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆ: ಇದನ್ನು ಹೊತ್ತು ತರುವವರು ಯಾರು? ದೊಡ್ಡ ಎಲ್ಕ್‌ನಿಂದ ಎಲುಬು ಬೇರ್ಪಡಿಸಿದರೂ ನೂರು ಕಿಲೋದ ಆಸುಪಾಸು ಮಾಂಸ ಸಿಗುತ್ತದೆ. ರಸ್ತೆ ಎಷ್ಟೋ ಮೈಲಿ ದೂರ. ಬೆನ್ನ ಮೇಲೆ ಹೊತ್ತು ನಾಲ್ಕೈದು ಸಲ ಹತ್ತಿ ಇಳಿಯಬೇಕು. ಮಾಂಸ ಕೆಡದಂತೆ ಗಾಳಿಯಾಡುವ ಬಟ್ಟೆಯ ಚೀಲಗಳಲ್ಲಿ ತುಂಬಿ ನೆರಳಲ್ಲಿ ತೂಗುಹಾಕಬೇಕು. ಕಾಡಿನಲ್ಲಿ ಬಿಟ್ಟು ಬರುವುದು ಅಪರಾಧ. ಅಲಾಸ್ಕದಲ್ಲಂತೂ ಮಾಂಸವನ್ನೆಲ್ಲ ಹೊರಗೆ ತಂದ ಮೇಲೆಯೇ ಕೊಂಬನ್ನು ತರಬೇಕೆಂಬ ನಿಯಮವಿದೆ. ಕೊಂಬಿನ ಆಸೆಗೆ ಪ್ರಾಣಿಯನ್ನು ಕೊಂದು ಎಸೆಯುವಂತಾಗಬಾರದು ಎಂದು.

ಆ ಮಾಂಸವನ್ನು ಮಾರುವಂತೆಯೂ ಇಲ್ಲ. ಮನೆಯವರು ತಿನ್ನಬಹುದು, ನೆರೆಯವರಿಗೆ ಹಂಚಬಹುದು, ಬಡವರಿಗೆ ಊಟ ಹಾಕುವ ಸಂಸ್ಥೆಗಳಿಗೆ ದಾನ ಕೊಡಬಹುದು. ಮಾರುಕಟ್ಟೆ ಬಂದರೆ ಕಾಡು ಮತ್ತೆ ಬರಿದಾಗುತ್ತದೆ ಎಂಬುದನ್ನು ಅವರು ನೂರು ವರ್ಷದ ಹಿಂದೆಯೇ ಕಂಡಿದ್ದಾರೆ.

ಎಲ್ಲರೂ ಈ ಪದ್ಧತಿಯನ್ನು ಒಪ್ಪುತ್ತಾರೆಂದಲ್ಲ. ಅಲ್ಲಿನ ನೂರು ಜನರಲ್ಲಿ ಹತ್ತು ಮಂದಿಯೂ ಬೇಟೆಗಾರರಲ್ಲ. ಕೊಂದು ಕಾಪಾಡುವುದು ಎಂಥ ಕಾಪಾಡುವಿಕೆ ಎಂದು ಕೇಳುವವರಿದ್ದಾರೆ. ಜಿಂಕೆ-ಎಲ್ಕ್‌ಗಳ ಸಂಖ್ಯೆ ಹತೋಟಿಯಲ್ಲಿಡಲು ತೋಳಗಳಿದ್ದವಲ್ಲ, ಅವನ್ನು ಅಳಿಸಿದವರು ಯಾರು ಎಂದೂ ಕೇಳುತ್ತಾರೆ. ಕೊಲೊರಾಡೊದ ಜನ 2020ರಲ್ಲಿ ಮತ ಹಾಕಿ ತೋಳಗಳನ್ನು ಮರಳಿ ತರಲು ತೀರ್ಮಾನಿಸಿದರು. 2023ರ ಡಿಸೆಂಬರಿನಲ್ಲಿ ಮೊದಲ ತೋಳಗಳನ್ನು ಕಾಡಿಗೆ ಬಿಟ್ಟರು. ಈ ಚರ್ಚೆ ಅಲ್ಲಿ ಇನ್ನೂ ಬಿಸಿಯಾಗಿಯೇ ಇದೆ.

ನಮ್ಮ ದಾರಿ ಬೇರೆ

ಬೇಟೆ ನಮಗೂ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ವೀರಗಲ್ಲು ‘ಕಾಳಿ’ ಎಂಬ ಬೇಟೆನಾಯಿಯ ನೆನಪಿಗೂ ನಿಂತದ್ದು. ಕಾಡುಹಂದಿಯೊಡನೆ ಹೋರಾಡಿ ಕಾಳಿಯೂ ಹಂದಿಯೂ ಒಟ್ಟಿಗೆ ಸತ್ತವು. ಮಲೆನಾಡಿನ ಅಜ್ಜಂದಿರ ನೆನಪಿನಲ್ಲಿ ಕೇಪಿನ ಕೋವಿ, ಹಳು ನುಗ್ಗುವವರ ಕೂಗು ಇನ್ನೂ ಇರಬಹುದು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಇಂದಿಗೂ ಆಯುಧಗಳಿಗೆ ಪೂಜೆ. ಈಗ ಅಲ್ಲಿ ಗುರಿಯಿಡುವುದು ತೆಂಗಿನಕಾಯಿಗೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮ ದೇಶದಲ್ಲಿ ಮೋಜಿನ ಬೇಟೆಗೆ ತೆರೆಬಿತ್ತು. ಇಲ್ಲಿ ಟ್ಯಾಗ್ ಇಲ್ಲ, ಲಾಟರಿ ಇಲ್ಲ. ಜಿಂಕೆ, ಕಡವೆಯನ್ನು ಹೊಡೆದರೆ ಜೈಲು. ಮೈಸೂರು ಮಹಾರಾಜರ ಬೇಟೆಯ ತಾಣವಾಗಿದ್ದ ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು. 1972ರ ಗಣತಿಯಲ್ಲಿ ದೇಶದಲ್ಲಿ ಕಂಡುಬಂದ ಹುಲಿಗಳು 1,827. ಕ್ಯಾಮೆರಾ ಇಟ್ಟು ಎಣಿಸುವ ಹೊಸ ವಿಧಾನದಲ್ಲಿ 2022ರ ಅಂದಾಜು 3,682. ಅದರಲ್ಲಿ 563 ನಮ್ಮ ಕರ್ನಾಟಕದಲ್ಲೇ ಇವೆ.

ಅವರು ಬೇಟೆಗಾರನ ಕೈಗೆ ಎಣಿಸಿದ ಚೀಟಿ ಕೊಟ್ಟರು. ನಾವು ಕೋವಿಯನ್ನೇ ಕೆಳಗಿಡಿಸಿದೆವು. ದಾರಿ ಎರಡಾದರೂ ಎರಡೂ ಕಡೆ ಜನ ಕಲಿತ ಪಾಠ ಒಂದೇ: ಕಾಡಿನ ಪ್ರಾಣಿ ಲೆಕ್ಕವಿಲ್ಲದಷ್ಟಿದೆ ಎಂದುಕೊಂಡ ದಿನವೇ ಅದು ಮುಗಿಯತೊಡಗುತ್ತದೆ.

ಅಜ್ಜನೂ ಮೊಮ್ಮಗಳೂ ಮಾಡಿ ನೋಡಿ

• ಗಾಳಿಯ ದಾರಿ: ಬೆಳಗಿನ ಜಾವ ಮತ್ತು ಮಧ್ಯಾಹ್ನ, ಊರಿನ ದಿಣ್ಣೆಯ ಮೇಲೋ ಇಳಿಜಾರಿನಲ್ಲೋ ಒಂದು ಊದುಬತ್ತಿ ಹಚ್ಚಿ ಹಿಡಿಯಿರಿ. ಹೊಗೆ ಯಾವ ಕಡೆ ಸಾಗಿತೆಂದು ಬರೆದಿಡಿ. ಎರಡು ಹೊತ್ತಿಗೂ ವ್ಯತ್ಯಾಸವಿದೆಯೇ? (ಒಣಹುಲ್ಲಿನ ಬಳಿ ಬೇಡ. ದೊಡ್ಡವರು ಜೊತೆಗಿರಲಿ.)

• ಹತ್ತಿ-ಉಣ್ಣೆ: ಒಂದೇ ಅಳತೆಯ ಎರಡು ಲೋಟಗಳಿಗೆ ಬಿಸಿನೀರು ತುಂಬಿ. ಒಂದಕ್ಕೆ ಒದ್ದೆ ಹತ್ತಿಬಟ್ಟೆ, ಇನ್ನೊಂದಕ್ಕೆ ಒದ್ದೆ ಉಣ್ಣೆಬಟ್ಟೆ ಸುತ್ತಿ. ಅರ್ಧ ಗಂಟೆಯ ಮೇಲೆ ಯಾವ ನೀರು ಹೆಚ್ಚು ಬೆಚ್ಚಗಿದೆ ನೋಡಿ.

• ಎಣಿಕೆ: ನಿಮ್ಮ ಕೆರೆಯ ದಡದಲ್ಲಿ ಒಂದು ತಿಂಗಳು, ಪ್ರತಿ ಭಾನುವಾರ ಒಂದೇ ಹೊತ್ತಿಗೆ ನಿಂತು ಬೆಳ್ಳಕ್ಕಿಗಳನ್ನು ಎಣಿಸಿ. ಚಲಿಸುವ ಹಕ್ಕಿಗಳನ್ನು ಎಣಿಸುವುದು ಎಷ್ಟು ಕಷ್ಟವೆಂದು ಆಗ ತಿಳಿಯುತ್ತದೆ.

• ಕೇಳಿ ಬರೆಯಿರಿ: ನಿಮ್ಮ ಅಜ್ಜ-ಅಜ್ಜಿ ಚಿಕ್ಕವರಾಗಿದ್ದಾಗ ಊರಿನ ಸುತ್ತ ಯಾವ ಪ್ರಾಣಿ-ಪಕ್ಷಿಗಳಿದ್ದವು? ಈಗ ಅವುಗಳಲ್ಲಿ ಯಾವುವು ಕಾಣುವುದಿಲ್ಲ? ಪಟ್ಟಿ ಮಾಡಿ, ತರಗತಿಯಲ್ಲಿ ಓದಿ ಹೇಳಿ.